ಅಲ್ಲಿ ಏನೂ ಇಲ್ಲ ಎಂದವರಿಗೆ

ಎರ್ನಾಕುಲಂನಿಂದ ಫೋರ್ಟ್ ಕೊಚ್ಚಿಗೆ ಹೋಗುವ ಸರ್ಕಾರಿ ಬೋಟಿನಲ್ಲಿ, ದಡ ಹತ್ತಿರವಾದೊಡನೆ ಹಗ್ಗ ಎಸೆದು ಬೋಟನ್ನು ಕಂಬಕ್ಕೆ ಬಿಗಿಯುವ ಒಬ್ಬ ಕೆಲಸಗಾರನಿರುತ್ತಾನೆ. ನಿಮ್ಮ ಕೆಲಸಕ್ಕೆ ಏನನ್ನುತ್ತಾರೆ ಎಂದು ಸುಮ್ಮನೆ ಕೇಳಿದೆ. ‘ಲಸ್ಕರ್’ ಎಂದರು ಆತ. ಕೇರಳದ ಜಲಸಾರಿಗೆ ಇಲಾಖೆಯಲ್ಲಿ ಅದು ಹುದ್ದೆಯ ಹೆಸರು. ಅದಕ್ಕೆ ಅರ್ಜಿ ಕರೆಯುತ್ತಾರೆ, ಪರೀಕ್ಷೆ ನಡೆಸುತ್ತಾರೆ. ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ. ಸಮುದ್ರವನ್ನೇ ಕಾಣದ ನಮ್ಮ ಗಲ್ಲಿಯ ಹೆಸರು ಇಲ್ಲಿ ಉಪ್ಪುನೀರಿನ ಮೇಲೆ ಹಗ್ಗ ಹಿಡಿದು ನಿಂತಿದೆಯಲ್ಲಾ ಎಂದು ನಗು ಬಂತು.

ಲಷ್ಕರ್ ಫಾರಸಿ ಪದ. ಸೈನ್ಯ, ಸೇನೆಯ ಬಿಡಾರ ಎಂದು ಅರ್ಥ. ಅದು ಹಡಗು ಹತ್ತಿ, ಇಂಗ್ಲಿಷರ ಬಾಯಲ್ಲಿ ‘ಲಾಸ್ಕರ್’ ಆಗಿ, ಅವರ ಹಡಗುಗಳಲ್ಲಿ ದುಡಿದ ಏಷ್ಯಾದ ಖಲಾಸಿಗಳಿಗೆಲ್ಲ ಹೆಸರಾಯಿತು. ನೆಲದ ಮೇಲೆ ಉಳಿದದ್ದು ಊರುಕೇರಿಗಳ ಹೆಸರಾಯಿತು. ಗ್ವಾಲಿಯರ್‌ನಲ್ಲಿ ಸಿಂಧಿಯಾ ದಂಡು ಬಿಡಾರ ಹೂಡಿದ ಜಾಗಕ್ಕೆ ಇಂದಿಗೂ ಲಷ್ಕರ್ ಎಂದೇ ಕರೆಯುತ್ತಾರೆ. ಉರ್ದು ಎಂಬ ಹೆಸರು ಕೂಡ ತುರ್ಕಿ ಮೂಲದ್ದು, ಅರ್ಥ ಅದೇ, ಬಿಡಾರ. ಉರ್ದುವಿಗೆ ಲಷ್ಕರಿ ಜಬಾನ್ ಎಂಬ ಹೆಸರೂ ಇತ್ತೆಂದು ನಮ್ಮ ಉರ್ದು ಶಾಲೆಯ ಉಸ್ತಾದರು ಹೇಳುತ್ತಿದ್ದರು.

ಫೋರ್ಟ್ ಕೊಚ್ಚಿಯಲ್ಲಿ ಇಳಿದ ಮೇಲೆ ಮಟ್ಟಾಂಚೇರಿಯನ್ನು ತೋರಿಸಿದವರು ಅಲ್ಲಿಯವರೇ ಆದ ಒಬ್ಬ ಹಿರಿಯರು. ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ಅರಸನಿಗೆ ಕೊಟ್ಟ ಅರಮನೆ, 1568ರ ಯಹೂದಿ ಪ್ರಾರ್ಥನಾಲಯ, ಕೊಂಕಣಿಗರ ದೇವಸ್ಥಾನ, ಕಚ್ಛಿ ಮೇಮನರ ಮಸೀದಿ, ಗುಜರಾತಿಗಳ ಬೀದಿ, ಎಲ್ಲವನ್ನೂ ಕಾಲ್ನಡಿಗೆಯಲ್ಲೇ ಸುತ್ತಿಸಿದರು. ಹತ್ತು ಹೆಜ್ಜೆಗೊಬ್ಬರು ಅವರನ್ನು ನಿಲ್ಲಿಸಿ ಮಾತಾಡಿಸುತ್ತಿದ್ದರು. ಇದು ನನಗೆ ಇಷ್ಟವಾಯಿತು. ಆದರೆ ಜ್ಯೂ ಟೌನ್ ಎಂಬ ಬೀದಿಗೆ ಬಂದಾಗ ಮನಸ್ಸು ಭಾರವಾಯಿತು. ಇಸ್ರೇಲ್ ಹುಟ್ಟಿದ ಮೇಲೆ ಅಲ್ಲಿನ ಯಹೂದಿ ಮನೆಗಳು ಒಂದೊಂದಾಗಿ ಖಾಲಿಯಾದವು. ಈಗ ಆ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಪ್ರವಾಸಿಗರು; ಯಾರ ಹೆಸರಿನ ಬೀದಿಯೋ ಅವರು ಮಾತ್ರ ಹೆಚ್ಚುಕಡಿಮೆ ಯಾರೂ ಇಲ್ಲ. ಹಳೆಯ ಬಾಗಿಲು, ಹಳೆಯ ಪೆಟ್ಟಿಗೆ, ಹಿತ್ತಾಳೆ ಸಾಮಾನು ಮಾರಾಟಕ್ಕಿವೆ. ಜನ ಹೋದ ಮೇಲೆ ಬೀದಿಗೆ ಬೆಲೆ ಬಂದಿದೆ.

ಊರಿಗೆ ಮರಳಿ ಎರಡು ತಿಂಗಳಾಗಿರಬೇಕು. ನಮ್ಮ ಮೊಹಲ್ಲಾದ ಮೇಲೇ ಹಾದುಹೋಗುವ ಒಂದು ಪಾರಂಪರಿಕ ನಡಿಗೆಗೆ ಹಣ ಕಟ್ಟಿ ಸೇರಿದೆ. ಬುರ್ಖಾ ಹಾಕಿದ ಹೆಂಗಸು ದುಡ್ಡು ಕೊಟ್ಟು ಚರಿತ್ರೆ ನೋಡಲು ಬಂದಿದ್ದಾಳಲ್ಲ ಎಂದು ಉಳಿದವರಿಗೆ ಸೋಜಿಗ. ಬೆಳಿಗ್ಗೆ ಟೌನ್ ಹಾಲಿನ ಬಳಿ ಶುರು. ದಿವಾನ್ ರಂಗಾಚಾರ್ಲು ನೆನಪಿನ ಭವನ, 1927ರ ದೊಡ್ಡ ಗಡಿಯಾರ, ಆಮೇಲೆ ಅಶೋಕ ರಸ್ತೆ ಹಿಡಿದು ಸೇಂಟ್ ಫಿಲೋಮಿನಾ ಚರ್ಚು. ಮಾರ್ಗದರ್ಶಿ ಹುಡುಗ ಚುರುಕು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟದ್ದು, ಜರ್ಮನಿಯ ಕಲೋನ್ ಚರ್ಚಿನ ಮಾದರಿ, 175 ಅಡಿಯ ಜೋಡಿ ಗೋಪುರ, ಅದಕ್ಕೂ ಮೊದಲು ಅಲ್ಲಿ ಮುಮ್ಮಡಿಯವರ ಕಾಲದ ಚರ್ಚು ಇದ್ದದ್ದು, ಎಲ್ಲ ಸರಿಯಾಗಿಯೇ ಹೇಳಿದ. ಬೆಂಗಳೂರಿನಿಂದ ಬಂದಿದ್ದ ಒಬ್ಬ ಮೇಡಂ ಪಕ್ಕದ ಗಲ್ಲಿಯ ಕಡೆ ಕೈ ತೋರಿಸಿ, ‘ಆ ಕಡೆ ಹೋಗಬಹುದಾ?’ ಎಂದರು.

‘ಬೇಡ ಮೇಡಂ, ಅಲ್ಲಿ ಏನೂ ಇಲ್ಲ. ಈ ಏರಿಯಾದಲ್ಲಿ ಬ್ಯಾಗು ಹುಷಾರು’ ಎಂದ.

ಆ ಗಲ್ಲಿಯಲ್ಲಿ ನಮ್ಮ ನಾನಿಯ ಮನೆ.

ನಾನು ಆಗ ಬಾಯಿ ಬಿಡಲಿಲ್ಲ. ಹುಡುಗನ ಮೇಲೆ ಸಿಟ್ಟೂ ಬರಲಿಲ್ಲ. ಅವನಿಗೆ ಯಾರೋ ಕಲಿಸಿಕೊಟ್ಟ ಪಾಠ ಅದು. ಆ ಪಾಠ ಬರೆದವರ ಜತೆ ನನ್ನ ಜಗಳ.

ಏನೂ ಇಲ್ಲ ಎಂದರೆ ಅವರ ಲೆಕ್ಕದಲ್ಲಿ ರಾಜ ಕಟ್ಟಿಸಿದ್ದು ಏನೂ ಇಲ್ಲ ಎಂದು. ಮೈಸೂರಿನ ಪರಂಪರೆಯನ್ನು ಅಡಿಗಲ್ಲುಗಳಿಂದ ಎಣಿಸುವ ಅಭ್ಯಾಸವಾಗಿಬಿಟ್ಟಿದೆ. ಅಡಿಗಲ್ಲು ಇಟ್ಟವರ ಹೆಸರಿದೆ, ಅದರ ಮೇಲೆ ಕಲ್ಲು ಇಟ್ಟವರ ಹೆಸರಿಲ್ಲ. ಆ ಕಲ್ಲುಗಳನ್ನಾದರೂ ಉಳಿಸಿಕೊಂಡರೇ? 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಪಾರಂಪರಿಕ ನಗರಿಯ ವೈಭವ ಹೀಗಿದೆ.

ನಮ್ಮ ಗಲ್ಲಿಯಲ್ಲಿ ಏನಿದೆ ಎಂದು ಹೇಳುತ್ತೇನೆ, ಕೇಳಿ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಅವನ ಕುದುರೆ ಸವಾರರು ಎಲ್ಲಿಗೆ ಹೋದರು? ಎಲ್ಲರೂ ಆವಿಯಾಗಲಿಲ್ಲ. ಇಂಗ್ಲಿಷರ ಜತೆಗಿನ 1807ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನ 4000 ಸಿಲೇದಾರ ಕುದುರೆ ಸವಾರರನ್ನು ಸಾಕಬೇಕಿತ್ತು. ಸವಾರನ ಮಗ ಸವಾರ, ಅವನ ಮಗ ಸಾಯೀಸ, ಅವನ ಮಗ ಟಾಂಗಾವಾಲಾ; ಹೀಗೆ ಇಳಿದು ಬಂದ ಮನೆತನಗಳ ಕತೆ ನಮ್ಮಲ್ಲಿ ಮನೆಗೊಂದು ಸಿಗುತ್ತದೆ. ನನ್ನ ನಾನಾ ಟಾಂಗಾ ಓಡಿಸುತ್ತಿದ್ದರು. ಮೈಸೂರಿನ ಟಾಂಗಾಕ್ಕೆ ‘ಷಾ ಪಸಂದ್’ ಎಂದು ಹೆಸರು, ದೊರೆಗೆ ಮೆಚ್ಚಾದದ್ದು ಎಂದು. ದೊರೆ ಮೆಚ್ಚಿದರೂ ಕುದುರೆಗೆ ಹುರುಳಿ ತರಲು ನಾನಾ ಸೇಟು ಅಂಗಡಿಯಲ್ಲಿ ನಾನಿಯ ಬಳೆ ಅಡ ಇಡುತ್ತಿದ್ದರು. ಕುದುರೆ ತಿಂದ ಮೇಲೆಯೇ ಅವರು ಉಣ್ಣುತ್ತಿದ್ದುದು. ಕುದುರೆ ಸತ್ತ ವರ್ಷ ನಮ್ಮ ಮನೆಯಲ್ಲಿ ಈದ್‌ಗೆ ಹೊಸ ಬಟ್ಟೆ ಬರಲಿಲ್ಲ. ಆ ಬೆಳಿಗ್ಗೆ ಪಕ್ಕದ ಮನೆಯ ಮೇರಿ ಆಂಟಿ, ಅವರು ತಮಿಳಿನವರು, ತಮ್ಮ ಮಗಳ ಕ್ರಿಸ್‌ಮಸ್ ಫ್ರಾಕನ್ನು ನನಗೆ ತೊಡಿಸಿದರು.

ಈಗ ದಸರೆಯಲ್ಲಿ ಪಾರಂಪರಿಕ ಟಾಂಗಾ ಸವಾರಿ ಎಂದು ನಡೆಯುತ್ತದೆ. ಪೇಟ ಕಟ್ಟಿದ ಗಂಡ, ರೇಷ್ಮೆ ಸೀರೆಯ ಹೆಂಡತಿ ಹಿಂದೆ ಕೂರುತ್ತಾರೆ. ಮರುದಿನ ಪತ್ರಿಕೆಯಲ್ಲಿ ಅವರ ಚಿತ್ರ. ಮುಂದೆ ಲಗಾಮು ಹಿಡಿದು ಕೂತವನ ಅರ್ಧ ಮುಖ ಚೌಕಟ್ಟಿನ ಆಚೆ. ಪಾರಂಪರಿಕವಾದದ್ದು ಟಾಂಗಾ ಮಾತ್ರವೇ? ಅದನ್ನು ಓಡಿಸುವ ವಿದ್ಯೆ? ಕುದುರೆಯ ಜತೆ ಅವನು ಆಡುವ ದಖ್ಖನಿ ಮಾತು? ಆತನಿಗೆ ಆ ದಿನದ ಬಾಡಿಗೆ ಸಿಗುತ್ತದೆ, ಅಷ್ಟೇ. ಜಂಬೂಸವಾರಿ ಎನ್ನುವಾಗ ಆ ‘ಸವಾರಿ’ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಆನೆಯ ಕುತ್ತಿಗೆಯ ಮೇಲೆ ಕೂತ ಮಾವುತರಲ್ಲಿ, ಕಾವಾಡಿಗಳಲ್ಲಿ ಮುಸ್ಲಿಮರೂ ಇದ್ದಾರೆಂಬುದು ಯಾರಿಗೂ ತೊಂದರೆಯಾಗಿಲ್ಲ. 2025ರಲ್ಲಿ ನಮ್ಮ ಬಾನು ಮುಷ್ತಾಕ್ ಅವರು ದಸರಾ ಉದ್ಘಾಟಿಸುತ್ತಾರೆ ಎಂದಾಗ ಮಾತ್ರ ಕೆಲವರು ಸುಪ್ರೀಂ ಕೋರ್ಟಿನ ತನಕ ಹೋದರು. ಕೋರ್ಟು ಒಪ್ಪಲಿಲ್ಲ, ಅವರು ಉದ್ಘಾಟಿಸಿದರು. 2017ರಲ್ಲಿ ನಿಸಾರ್ ಅಹಮದ್ ಅವರು ಉದ್ಘಾಟಿಸಿದಾಗ ಇಷ್ಟು ಗಲಾಟೆ ಇರಲಿಲ್ಲ. ಎಂಟು ವರ್ಷದಲ್ಲಿ ನಾವು ನಡೆದ ದೂರ ಇದು.

ಇದೇ ಊರಿನಲ್ಲಿ 2022ರ ನವೆಂಬರ್‌ನಲ್ಲಿ ಊಟಿ ರಸ್ತೆಯ ಒಂದು ಬಸ್ ತಂಗುದಾಣದ ಮೇಲಿನ ಗುಮ್ಮಟಗಳು ಮಸೀದಿಯಂತೆ ಕಾಣುತ್ತವೆ ಎಂದು ಆಗಿನ ಸಂಸದರು ಕೆಡವುವ ಮಾತಾಡಿದರು. ಕೊನೆಗೆ ಪಕ್ಕದ ಎರಡು ಗುಮ್ಮಟ ತೆಗೆದು ನಡುವಿನದೊಂದನ್ನು ಉಳಿಸಿದರು. ಅಲ್ಲಿಂದ ಸ್ವಲ್ಪ ದೂರದಲ್ಲೇ ಹೆನ್ರಿ ಇರ್ವಿನ್ ನಕ್ಷೆಯ, 1912ರಲ್ಲಿ ಪೂರ್ತಿಯಾದ ಅರಮನೆ ಗುಮ್ಮಟಗಳನ್ನು ಹೊತ್ತು ನಿಂತಿದೆ. ಅದೇ ವರ್ಷ ಟಿಪ್ಪು ಎಕ್ಸ್‌ಪ್ರೆಸ್ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಒಡೆಯರ ಮೇಲೆ ಅಷ್ಟು ಗೌರವವಿದ್ದಿದ್ದರೆ ಒಂದು ಹೊಸ ರೈಲಿಗೇ ಆ ಹೆಸರು ಇಡಬಹುದಿತ್ತು.

ಲಷ್ಕರ್ ಎಂಬ ಹೆಸರಿನ ಗತಿಯೂ ಹೀಗೇ. 2008ರ ಮುಂಬೈ ದಾಳಿಯ ನಂತರ ಟಿವಿಯವರ ಬಾಯಲ್ಲಿ ಲಷ್ಕರ್ ಎಂದರೆ ಒಂದೇ ಅರ್ಥ. ನಮ್ಮ ಖಾಲಾ ಮಗ ಬೆಂಗಳೂರಿನ ಒಂದು ಕಚೇರಿಯಲ್ಲಿ ಕೆಲಸದ ಅರ್ಜಿಗೆ ವಿಳಾಸ ಬರೆದಾಗ ಮೇಜಿನ ಆಚೆಯವರು ನಕ್ಕು, ‘ಇದು ಊರಾ, ಸಂಘಟನೆನಾ?’ ಎಂದರಂತೆ. ಆಮೇಲಿಂದ ಅವನು ವಿಳಾಸವನ್ನು ‘ಅಶೋಕ ರಸ್ತೆ ಹಿಂಭಾಗ’ ಎಂದು ಬರೆಯುತ್ತಾನೆ. ಲಷ್ಕರ್ ಪೊಲೀಸ್ ಠಾಣೆಯ ಫಲಕದಲ್ಲಿ ಆ ಹೆಸರು ಯಾವ ಅನುಮಾನವೂ ಇಲ್ಲದೆ ಇದೆ; ನಮ್ಮ ಹುಡುಗನಿಗೆ ಮಾತ್ರ ಅದನ್ನು ಬರೆಯಲು ಕೈ ನಡುಗುತ್ತದೆ. ನಡಿಗೆಯ ಆ ಮಾರ್ಗದರ್ಶಿ ಒಂದೇ ಒಂದು ನಿಮಿಷ ನಿಂತು, ಲಷ್ಕರ್ ಎಂದರೆ ಮಹಾರಾಜರ ಸಂಸ್ಥಾನದಲ್ಲಿ ಏನರ್ಥ, ಕೊಚ್ಚಿಯ ಬೋಟಿನಲ್ಲಿ ಏನರ್ಥ ಎಂದು ಹೇಳಿದ್ದರೆ ಆ ಹತ್ತು ಜನರಾದರೂ ಬೇರೆ ಕಿವಿ ಹೊತ್ತು ಮನೆಗೆ ಹೋಗುತ್ತಿದ್ದರು.

ಹೊರಗಿನವರಿಗೆ ಇಷ್ಟು ಸಾಕು. ಇನ್ನು ಒಳಗಿನವರ ಮಾತು. ಇದನ್ನು ಓದಿ ನಮ್ಮ ಹಿರಿಯರು ಮುನಿಸಿಕೊಂಡರೂ ಪರವಾಗಿಲ್ಲ.

‘ಏನೂ ಇಲ್ಲ’ ಎಂದವರಿಗೆ ಕೊಡಲು ನಮ್ಮ ಕೈಯಲ್ಲಿ ಏನಿದೆ? ಹಳೆಯ ಉರ್ದು ಲೆಕ್ಕದ ಪುಸ್ತಕ, ನಿಕಾಹ್‌ನಾಮೆ, ಕಾಗದ ಪತ್ರಗಳನ್ನು ರದ್ದಿಗೆ ಹಾಕಿದವರು ನಾವೇ. ಉರ್ದು ಓದಬಲ್ಲ ಮುದುಕರು ಹೋದರು, ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು, ಪೆಟ್ಟಿಗೆ ತೂಕಕ್ಕೆ ಹೋಯಿತು. ನಮ್ಮ ಕೇರಿಯ ಚರಿತ್ರೆಯನ್ನು ಕನ್ನಡದಲ್ಲಿ ಹತ್ತು ಪುಟ ಬರೆಯಲು ಯಾವ ಅಂಜುಮನ್ ತಡೆದಿತ್ತು? ಮುಷಾಯಿರಾಕ್ಕೆ ಶಾಮಿಯಾನ ಹಾಕುವ ಖರ್ಚಿನಲ್ಲಿ ಒಂದು ಪುಸ್ತಕ ಅಚ್ಚಾಗುತ್ತದೆ.

ಇನ್ನೊಂದು. ಕೆಲವು ವರ್ಷಗಳಿಂದ ಕರ್ನಾಟಕದ ಹಲವು ಊರುಗಳಲ್ಲಿ ‘ಮಸೀದಿ ದರ್ಶನ’ ನಡೆಯುತ್ತಿದೆ. ಒಳ್ಳೆಯ ಕೆಲಸ, ನಾನು ಮೆಚ್ಚುತ್ತೇನೆ. ಇತರ ಧರ್ಮದ ಗಂಡಸರು ಹೆಂಗಸರು ಒಳಗೆ ಬಂದು ನಮಾಜು ಹೇಗೆ, ವುಜೂ ಹೇಗೆ ಎಂದು ನೋಡಿ ಹೋಗುತ್ತಾರೆ. ಅಂಥ ಒಂದು ದಿನ ನಮ್ಮ ಅಮ್ಮಿ ಮಸೀದಿಯೊಂದರ ಎದುರು ನಿಂತು ಆ ಹೆಂಗಸರು ಒಳಗೆ ಹೋಗುವುದನ್ನು ನೋಡಿದರು. ಅರವತ್ತು ವರ್ಷ ಅದರ ಅಜಾನ್ ಕೇಳಿ ಎದ್ದವರು ಅವರು. ಒಳಗಿನ ಗೋಡೆ ಯಾವ ಬಣ್ಣ ಎಂದು ಅವರಿಗೆ ಗೊತ್ತಿಲ್ಲ. ‘ಇವತ್ತು ನಾನೂ ಹೋಗಬಹುದಾ?’ ಎಂದು ಕೇಳಿದ್ದಕ್ಕೆ ಒಬ್ಬ ಸ್ವಯಂಸೇವಕ ಬಹಳ ಮರ್ಯಾದೆಯಿಂದ, ‘ಅಮ್ಮಾ, ಇದು ಅವರಿಗೆ’ ಎಂದನಂತೆ. ನಮ್ಮ ಮೊಹಲ್ಲಾದಲ್ಲಿ ಏನೋ ಇದೆ ಎಂದು ಜಗತ್ತಿಗೆ ತೋರಿಸುವಾಗ ನಮ್ಮ ಹೆಂಗಸರಿಗೆ ಮಾತ್ರ ಅಲ್ಲಿ ಏನೂ ಇಲ್ಲ ಎನ್ನುವುದಾದರೆ ಆ ಮಾರ್ಗದರ್ಶಿ ಹುಡುಗನಿಗೂ ನಮಗೂ ಏನು ವ್ಯತ್ಯಾಸ?

ಹಿರಿಯರ ಒಂದು ಆತಂಕವನ್ನು ಮಾತ್ರ ನಾನು ಒಪ್ಪುತ್ತೇನೆ. ಜನ ಬಂದರೆ ಬಾಗಿಲಲ್ಲಿ ಬೀಡಿ ಕಟ್ಟುವ ಹೆಂಗಸರ ಫೋಟೋ ಹೊಡೆಯುತ್ತಾರೆ, ನಮ್ಮ ಬಡತನ ಅವರಿಗೆ ತಮಾಷೆಯಾಗುತ್ತದೆ ಎನ್ನುತ್ತಾರೆ. ನಿಜ. ಮುಂಬೈನ ಧಾರಾವಿಗೆ ಪ್ರವಾಸಿಗರನ್ನು ಕರೆದುಕೊಂಡು ಹೋಗುವ ದಂಧೆಯೇ ಇದೆ. ಅದಕ್ಕೆ ಮದ್ದು ಬಾಗಿಲು ಮುಚ್ಚುವುದಲ್ಲ. ಬಾಗಿಲು ಯಾರು ತೆರೆಯುತ್ತಾರೆ, ಯಾವಾಗ ತೆರೆಯುತ್ತಾರೆ, ಕತೆ ಯಾರು ಹೇಳುತ್ತಾರೆ ಎಂಬುದು ನಮ್ಮ ಕೈಯಲ್ಲಿರಬೇಕು. ಮಟ್ಟಾಂಚೇರಿಯ ಆ ಹಿರಿಯರು ತಮ್ಮದೇ ಬೀದಿಯಲ್ಲಿ ನಡೆಯುತ್ತಿದ್ದರು, ಅದಕ್ಕೇ ಅವರ ಜತೆ ಬಂದ ನಾವು ಯಾರಿಗೂ ಪ್ರಾಣಿಸಂಗ್ರಹಾಲಯಕ್ಕೆ ಬಂದವರಂತೆ ಕಾಣಲಿಲ್ಲ.

ಆ ನಡಿಗೆ ಏರ್ಪಡಿಸಿದವರಿಗೆ ಕಾಗದ ಬರೆದೆ. ಚರ್ಚಿನಿಂದ ಮುಂದಿನ ಅರ್ಧ ಗಂಟೆ ನಮಗೆ ಬಿಡಿ, ದುಡ್ಡು ಬೇಡ, ನಾವೇ ತೋರಿಸುತ್ತೇವೆ ಎಂದು. ಉತ್ತರ ಬರಲಿಲ್ಲ. ಹಾಗಾಗಿ ಪರಿಚಯದವರು ಆರು ಜನರನ್ನು ಒಂದು ಭಾನುವಾರ ನಾನೇ ಕರೆದುಕೊಂಡು ಹೋದೆ. ಇಬ್ಬರು ಮೇಷ್ಟರು, ಒಬ್ಬ ಬ್ಯಾಂಕಿನವರು, ಮೂವರು ಕಾಲೇಜು ಹುಡುಗಿಯರು. ಟಾಂಗಾ ನಿಲ್ಲುತ್ತಿದ್ದ ಲಾಯದ ಜಾಗ, ಈಗ ಅಲ್ಲಿ ಬೈಕ್ ರಿಪೇರಿ. ಮದುವೆ ದೇಗುಗಳಿಗೆ ಕಲಾಯಿ ಹಾಕುವವರು ಕಾದ ತಾಮ್ರಕ್ಕೆ ನವಸಾಗರ ಚಿಮುಕಿಸಿ, ತವರ ತಾಗಿಸಿ, ಹತ್ತಿಯಲ್ಲಿ ಒರೆಸಿದಾಗ ಬೆಳ್ಳಿಯಂತೆ ಹೊಳೆದದ್ದನ್ನು ಕಂಡು ಬ್ಯಾಂಕಿನವರು ಮಗುವಿನಂತೆ ‘ಇನ್ನೊಂದು ಸಲ’ ಎಂದರು.

ನಮ್ಮ ಖಾಲಾ ಬಾಗಿಲಲ್ಲಿ ಮೊರ ತೊಡೆಯ ಮೇಲಿಟ್ಟು ಕೂತಿದ್ದರು. ರಾತ್ರಿ ನೆನೆಸಿದ ಎಲೆ, ಕತ್ತರಿ, ಅಳತೆಯ ತಗಡು. ‘ಕ್ಯಾ ದೇಖ್ನೆ ಆರೈಂ ಗೆ ಇನೊ ಲೋಗಾಂ?’ ಇವರೆಲ್ಲ ಏನು ನೋಡಲು ಬಂದಿದ್ದಾರೆ ಎಂದು ನನ್ನನ್ನು ಕೇಳಿದರು. ನಿಮ್ಮನ್ನು ಕೇಳಲು ಬಂದಿದ್ದಾರೆ ಖಾಲಾ ಎಂದೆ. ಅವರು ಕೈ ನಿಲ್ಲಿಸಲಿಲ್ಲ. ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಮೂರು ಹೆಣ್ಣುಮಕ್ಕಳ ಮದುವೆ ಮಾಡಿದ್ದನ್ನು, ಕಮ್ಮಿ ಎಲೆ ಕೊಟ್ಟು ಪೂರಾ ಬೀಡಿ ಕೇಳಿದ ಏಜೆಂಟನ ಮನೆಗೆ ಹೋಗಿ ನಿಂತದ್ದನ್ನು, ಮೊದಲ ಸಲ ಬೀಡಿ ಕಾರ್ಡು ಕೈಗೆ ಬಂದ ದಿನವನ್ನು ಅರ್ಧ ಕನ್ನಡ ಅರ್ಧ ದಖ್ಖನಿಯಲ್ಲಿ ಹೇಳಿದರು. ಕಾಲೇಜು ಹುಡುಗಿಯೊಬ್ಬಳು ಫೋನು ಮೇಲೆತ್ತಿದಳು. ‘ಫೋಟೋ ಬೇಡಮ್ಮಾ, ಬರಕೊ’ ಎಂದರು ಖಾಲಾ. ಅವಳು ಚೀಲದಿಂದ ನೋಟ್‌ಬುಕ್ ತೆಗೆದಳು. ಅಸರ್ ಆಗುವ ತನಕ ಬರೆದುಕೊಂಡಳು. ಹೊರಡುವಾಗ ಖಾಲಾ ಅವಳನ್ನು ನಿಲ್ಲಿಸಿ, ಬರೆದದ್ದನ್ನು ಒಮ್ಮೆ ಓದಿ ಹೇಳು ಎಂದರು. ಮೊದಲ ಪುಟದಲ್ಲೇ ಎರಡು ತಪ್ಪು ಹಿಡಿದರು.