ತೂಕಕ್ಕೆ ಹಾಕಿದ ಆಟಗಾರ

2008ರ ಫೆಬ್ರವರಿಯಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಒಂದು ವಿಚಿತ್ರ ಒಪ್ಪಂದ ನಡೆಯಿತು. ಡಲ್ಲಾಸ್ ಮಾವೆರಿಕ್ಸ್ ತಂಡ ಕೀತ್ ವ್ಯಾನ್ ಹಾರ್ನ್ ಅವರನ್ನು ಸೇರಿಸಿಕೊಂಡಿತು. 2006ರ ನಂತರ ಅವರು ಒಂದೂ ಪಂದ್ಯ ಆಡಿರಲಿಲ್ಲ. ಇನ್ನು ಆಡಿಸುವ ಉದ್ದೇಶ ಡಲ್ಲಾಸಿಗೂ ಇರಲಿಲ್ಲ. ನ್ಯೂಜೆರ್ಸಿ ನೆಟ್ಸ್‌ನಿಂದ ಜೇಸನ್ ಕಿಡ್ ಅವರನ್ನು ತರಬೇಕಿತ್ತು. ಕಿಡ್ ಅವರದು ಭಾರೀ ಸಂಬಳ; ಅದಕ್ಕೆ ಹೊಂದುವಷ್ಟು ಸಂಬಳ ಈ ಕಡೆಯಿಂದಲೂ ಹೋಗದಿದ್ದರೆ ಲೀಗ್ ಒಪ್ಪುವುದಿಲ್ಲ. ಮೊದಲು ಹಾಕಿದ ಲೆಕ್ಕದಲ್ಲಿ ಡಿವಿಯನ್ ಜಾರ್ಜ್ ಎಂಬ ಆಟಗಾರರಿದ್ದರು. ಅವರದು ಒಂದು ವರ್ಷದ ಕರಾರು, ತಂಡ ಬದಲಾದರೆ ಮುಂದಿನ ಕರಾರಿನಲ್ಲಿ ಸಿಗಬೇಕಾದ ಹಕ್ಕು ಹೋಗುತ್ತಿತ್ತು. ಅಂಥವರಿಗೆ ಟ್ರೇಡ್ ನಿರಾಕರಿಸುವ ಅಧಿಕಾರ ಉಂಟು. ಜಾರ್ಜ್ ‘ಒಲ್ಲೆ’ ಎಂದರು. ಆಗ ಡಲ್ಲಾಸ್ ಹಳೆಯ ಕಡತ ತೆಗೆದು, ತನ್ನ ಹಕ್ಕಿನಲ್ಲೇ ಉಳಿದಿದ್ದ ವ್ಯಾನ್ ಹಾರ್ನ್ ಹೆಸರು ಹುಡುಕಿತು. 40 ಲಕ್ಷ ಡಾಲರ್‌ಗೂ ಮೇಲ್ಪಟ್ಟ ಸಂಬಳ ಬರೆದು ಸಹಿ ಹಾಕಿಸಿ ನ್ಯೂಜೆರ್ಸಿಗೆ ಕಳಿಸಿತು. ಅಲ್ಲಿಯೂ ಅವರು ಒಂದೂ ಪಂದ್ಯ ಆಡಲಿಲ್ಲ.

ಅದೇ ತಿಂಗಳು ಲಾಸ್ ಏಂಜಲೀಸ್ ಲೇಕರ್ಸ್ ಕೂಡ ಇದನ್ನೇ ಮಾಡಿತು. ಫಿಲಡೆಲ್ಫಿಯಾದಲ್ಲಿ ಕೋಚ್‌ಗಳಿಗೆ ನೆರವಾಗುತ್ತಿದ್ದ ಆರನ್ ಮೆಕೀ ಅವರಿಗೆ ಮತ್ತೆ ಆಟಗಾರನ ಕರಾರು ಕೊಟ್ಟು, ಪಾವ್ ಗ್ಯಾಸೋಲ್ ಬದಲಿಗೆ ಮೆಂಫಿಸ್‌ಗೆ ಹೋದ ಗುಂಪಿನಲ್ಲಿ ಸೇರಿಸಿತು. ಗ್ಯಾಸೋಲ್ ಬಂದ ಮೇಲೆ ಲೇಕರ್ಸ್ 2009 ಮತ್ತು 2010ರಲ್ಲಿ ಚಾಂಪಿಯನ್ ಆಯಿತು. ಕಿಡ್ ಇದ್ದ ಡಲ್ಲಾಸ್ 2011ರಲ್ಲಿ ಗೆದ್ದಿತು.

ಹಾಗಾದರೆ ಮಾರುವುದಕ್ಕೆಂದೇ ಹಿರಿಯ ಆಟಗಾರನನ್ನು ಕೊಳ್ಳುವುದು ಸರಿಯೆ? ಬೇಸಿಗೆ ಬಂತೆಂದರೆ ಎನ್‌ಬಿಎ ಅಭಿಮಾನಿಗಳ ನಡುವೆ ಈ ಜಗಳ ಶುರುವಾಗುತ್ತದೆ. ನಮ್ಮ ಐಪಿಎಲ್‌ನಲ್ಲಿ ಆಟಗಾರನ ಒಪ್ಪಿಗೆ ಇಲ್ಲದೆ ಟ್ರೇಡ್ ಆಗುವುದಿಲ್ಲವಾದ್ದರಿಂದ ಇಲ್ಲಿನವರಿಗೆ ಆ ಜಗಳದ ಬಿಸಿ ತಕ್ಷಣ ತಟ್ಟಲಿಕ್ಕಿಲ್ಲ. ಅಲ್ಲಿ ಬೆರಳೆಣಿಕೆಯಷ್ಟು ಮಂದಿಯನ್ನು ಬಿಟ್ಟರೆ ಯಾರನ್ನೂ ಕೇಳಬೇಕಿಲ್ಲ. ಬೇಸಿಗೆಯಲ್ಲಿ ಸಹಿ ಹಾಕಿದವರನ್ನು ಸಾಮಾನ್ಯವಾಗಿ ಡಿಸೆಂಬರ್ 15ರವರೆಗೆ ಮುಟ್ಟುವಂತಿಲ್ಲ, ಅಷ್ಟೆ. ಆ ದಿನ ಕಳೆದರೆ ಸಂತೆ ತೆರೆದಂತೆಯೇ.

ನನ್ನ ಮಾತು ಇಷ್ಟು: ಮುಂದೊಂದು ದಿನ ಟ್ರೇಡ್ ಮಾಡಬಹುದು ಎಂಬ ಲೆಕ್ಕ ಇಟ್ಟುಕೊಂಡೇ ಸೇರಿಸಿಕೊಳ್ಳಲಿ. ಆದರೆ ಅಲ್ಲಿಯವರೆಗೆ ಆತ ತಂಡಕ್ಕೆ ನಿಜವಾಗಿ ಬೇಕಾದವನಾಗಿರಬೇಕು. ಇದು ಕರುಣೆಯ ಮಾತಲ್ಲ, ವ್ಯಾಪಾರದ್ದೇ ಮಾತು.

ಬ್ರೂಸ್ ಬ್ರೌನ್ ಅವರ ಉದಾಹರಣೆ ನೋಡಿ. ಐದು ಋತು ಆಡಿ ಪಳಗಿದ್ದ ಅವರು 2023ರಲ್ಲಿ ಡೆನ್ವರ್ ನಗೆಟ್ಸ್ ಜೊತೆ ಪ್ರಶಸ್ತಿ ಗೆದ್ದರು. ಸಂಬಳ ಮಿತಿಯ ನಿಯಮಗಳಿಂದಾಗಿ ಡೆನ್ವರ್ ಕೊಡಬಹುದಾಗಿದ್ದದ್ದು ವರ್ಷಕ್ಕೆ 80 ಲಕ್ಷ ಡಾಲರ್‌ಗೂ ಕಡಿಮೆ. ಇಂಡಿಯಾನಾ ಪೇಸರ್ಸ್ ಎರಡು ವರ್ಷಕ್ಕೆ 4.5 ಕೋಟಿ ಡಾಲರ್ ಮುಂದಿಟ್ಟಿತು, ಎರಡನೇ ವರ್ಷ ಮುಂದುವರಿಸುವುದು ಬಿಡುವುದು ತಂಡದ ಇಷ್ಟ ಎಂಬ ಷರತ್ತಿನೊಂದಿಗೆ. ಆ ಕಾಗದ ಓದಿದ ಯಾರಿಗಾದರೂ ಇದರ ಮರ್ಮ ತಿಳಿಯುತ್ತಿತ್ತು. ದೊಡ್ಡ ಮೊತ್ತ, ಚಿಕ್ಕ ಅವಧಿ: ನಾಳೆ ಯಾವನೋ ತಾರೆ ಮಾರಾಟಕ್ಕೆ ಬಂದರೆ ಎದುರಿಗಿಡಲು ಸಿದ್ಧವಾದ ತೂಕದ ಕಲ್ಲು. ಜನವರಿ 2024ರಲ್ಲಿ ಹಾಗೆಯೇ ಆಯಿತು. ಬ್ರೌನ್ ಮತ್ತು ಮೂರು ಮೊದಲ ಸುತ್ತಿನ ಡ್ರಾಫ್ಟ್ ಪಿಕ್‌ಗಳು, ಅಂದರೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಯ ಹಕ್ಕುಗಳು, ಟೊರೊಂಟೊಗೆ ಹೋದವು, ಪ್ಯಾಸ್ಕಲ್ ಸಿಯಾಕಮ್ ಇಂಡಿಯಾನಾಕ್ಕೆ ಬಂದರು. 2025ರಲ್ಲಿ ಪೇಸರ್ಸ್ ಫೈನಲ್ ತಲುಪಿ ಏಳನೇ ಪಂದ್ಯದವರೆಗೆ ಕಾದಾಡಿತು.

ಆದರೆ ಆ ಅರ್ಧ ಋತುವಿನಲ್ಲಿ ಬ್ರೌನ್ ಬೆಂಚಿನ ಮೂಲೆಯಲ್ಲಿ ಕೂತು ಡಿಸೆಂಬರ್ ಎಣಿಸುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಆರಂಭದ ಐವರಲ್ಲಿ ಒಬ್ಬರಾಗಿ ಆಡಿದರು. ಲೀಗ್ ಅದೇ ವರ್ಷ ಶುರು ಮಾಡಿದ್ದ ಋತು ನಡುವಿನ ಟೂರ್ನಿಯಲ್ಲಿ ತಂಡ ಫೈನಲ್ ಮುಟ್ಟಿದಾಗ ಜೊತೆಗಿದ್ದರು. ಸಿಯಾಕಮ್ ಸಿಗದೆ ಹೋಗಿದ್ದರೂ ಇಂಡಿಯಾನಾ ಕೈಸುಟ್ಟುಕೊಳ್ಳುತ್ತಿರಲಿಲ್ಲ.

ಕೈಸುಟ್ಟುಕೊಂಡದ್ದು ಟೊರೊಂಟೊ. 2024ರ ಬೇಸಿಗೆಯಲ್ಲಿ ಬ್ರೌನ್ ಅವರ ಎರಡನೇ ವರ್ಷದ 2.3 ಕೋಟಿ ಡಾಲರ್‌ಗೆ ಅದು ಹೂಂ ಎಂದಿತು. ಹೊಸದಾಗಿ ಕಟ್ಟಲು ಹೊರಟ ಯುವ ತಂಡದಲ್ಲಿ ಅವರಿಗೆ ಅಷ್ಟೊಂದು ಕೆಲಸವಿರಲಿಲ್ಲ. ಟ್ರೇಡ್‌ಗಾಗಿಯೇ ಇಟ್ಟುಕೊಂಡದ್ದು ಎಂದು ಬಿಡಿಸಿ ಹೇಳಬೇಕಿಲ್ಲ. ಋತುವಿಗೆ ಮುಂಚೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಡಿಸೆಂಬರ್ ಕೊನೆಯವರೆಗೆ ಆಡದ ಆಟಗಾರನನ್ನು ಯಾರು ತಾನೆ ಮೆಚ್ಚಿ ಕೊಂಡಾರು? ಫೆಬ್ರವರಿಯಲ್ಲಿ ಬ್ರ್ಯಾಂಡನ್ ಇಂಗ್ರಾಮ್ ಅವರನ್ನು ತಂದಾಗ ಬ್ರೌನ್ ಹೋದದ್ದೇನೋ ನಿಜ. ಹೋದದ್ದು ಮಾತ್ರ ಸಂಬಳದ ಅಂಕಿಯಾಗಿ. ಅವರ ಜೊತೆಗೆ ಇನ್ನೊಬ್ಬ ಅನುಭವಿಯನ್ನೂ ಮೊದಲ ಸುತ್ತಿನ ಪಿಕ್ಕನ್ನೂ ಸೇರಿಸಬೇಕಾಯಿತು. 2025ರಲ್ಲಿ ಬ್ರೌನ್ ಡೆನ್ವರ್‌ಗೆ ಮರಳಿದರು, ಲೀಗಿನ ಕನಿಷ್ಠ ಸಂಬಳಕ್ಕೆ.

ಇದಕ್ಕೆ ವಿರುದ್ಧವಾಗಿ ಫೀನಿಕ್ಸ್ ಸನ್ಸ್ ಕಥೆ ಹೇಳುವವರಿದ್ದಾರೆ. 2018ರಲ್ಲಿ ಆ ತಂಡ 33 ವರ್ಷದ ಟ್ರೆವರ್ ಅರೀಜಾ ಅವರಿಗೆ ಒಂದು ವರ್ಷಕ್ಕೆ 1.5 ಕೋಟಿ ಡಾಲರ್ ಕೊಟ್ಟಿತು. ಡಿಸೆಂಬರ್‌ನಲ್ಲಿ ಕಳಿಸಲು ಹೊರಟಾಗ ನಡೆದದ್ದು ನಗೆನಾಟಕ. ಮೂರು ತಂಡಗಳ ಟ್ರೇಡ್ ಕುದುರಿತ್ತು. ಮೆಂಫಿಸ್‌ನಿಂದ ಬರಬೇಕಾದವರು ಬ್ರೂಕ್ಸ್. ಮೆಂಫಿಸ್‌ನಲ್ಲಿ ಇಬ್ಬರು ಬ್ರೂಕ್ಸ್ ಇದ್ದರು! ಫೀನಿಕ್ಸ್ ಡಿಲನ್ ಎಂದುಕೊಂಡಿತ್ತು, ಮೆಂಫಿಸ್ ಮಾರ್ಷಾನ್ ಎನ್ನುತ್ತಿತ್ತು. ಸುದ್ದಿ ಊರೆಲ್ಲ ಹಬ್ಬಿದ ಮೇಲೆ ಟ್ರೇಡ್ ಮುರಿದುಬಿತ್ತು. ಮರುದಿನ ಫೀನಿಕ್ಸ್ ಮೂರನೇ ತಂಡವಾದ ವಾಷಿಂಗ್ಟನ್ ಜೊತೆ ನೇರವಾಗಿ ಮಾತಾಡಿ ಅರೀಜಾ ಬದಲಿಗೆ ಕೆಲ್ಲಿ ಊಬ್ರೆ ಅವರನ್ನು ಪಡೆಯಿತು. 2020ರಲ್ಲಿ ಅದೇ ಊಬ್ರೆ ಕ್ರಿಸ್ ಪಾಲ್ ಅವರನ್ನು ತರುವ ಟ್ರೇಡ್‌ನಲ್ಲಿ ಹೋದರು, 2021ರಲ್ಲಿ ಸನ್ಸ್ ಫೈನಲ್ ಆಡಿತು.

ಸರಪಳಿ ಚೆಂದ. ಆದರೆ ಅರೀಜಾ ಅವರನ್ನು ಕರೆತಂದ ಜನರಲ್ ಮ್ಯಾನೇಜರ್ ರಯಾನ್ ಮೆಕ್‌ಡೊನಾ ಋತು ಶುರುವಾಗುವ ಮೊದಲೇ ಕೆಲಸ ಕಳೆದುಕೊಂಡಿದ್ದರು. ಕಳಿಸಿದ್ದು ಅವರ ಜಾಗಕ್ಕೆ ಬಂದ ಜೇಮ್ಸ್ ಜೋನ್ಸ್. ಇಲ್ಲಿ ಯಾರ ಮುಂದಾಲೋಚನೆಗೆ ಶಹಬ್ಬಾಸ್ ಹೇಳೋಣ? ಯುವಕರಿಗೆ ಮಾರ್ಗದರ್ಶಕ ಎಂದು ಬಂದವರು 26 ಪಂದ್ಯಕ್ಕೇ ಹೊರಟರು. ಆ ಋತುವಿನಲ್ಲಿ ತಂಡ ಗೆದ್ದದ್ದು 82ರಲ್ಲಿ 19. ಆ ಹುಡುಗರು ಹಿರಿಯರಿಂದ ಏನು ಕಲಿತರೋ, ಯಾವ ಲೆಕ್ಕದ ಪುಸ್ತಕವೂ ಹೇಳುವುದಿಲ್ಲ.

ನನಗೆ ಸಿಟ್ಟು ಬರುವುದು ವ್ಯಾನ್ ಹಾರ್ನ್ ಕಥೆಗಲ್ಲ. ಅಲ್ಲಿ ಎಲ್ಲರಿಗೂ ಎಲ್ಲ ಗೊತ್ತಿತ್ತು, ಆಡದ ಆಟಕ್ಕೆ ದುಡ್ಡೂ ಬಂತು. ಸಿಟ್ಟು ಬರುವುದು ಇನ್ನೊಂದು ಕಥೆಗೆ. 2017ರಲ್ಲಿ ಕ್ಲಿಪ್ಪರ್ಸ್ ತಂಡ ಬ್ಲೇಕ್ ಗ್ರಿಫಿನ್ ಅವರನ್ನು ಉಳಿಸಿಕೊಳ್ಳಲು ಖಾಲಿ ಕ್ರೀಡಾಂಗಣಕ್ಕೆ ಕರೆಸಿ, ಆಟದಿಂದ ನಿವೃತ್ತರಾದವರಿಗೆ ಸಲ್ಲುವ ಗೌರವದಂತೆ ಅವರ ಜೆರ್ಸಿಯನ್ನು ಛಾವಣಿಗೇರಿಸಿ ತೋರಿಸಿತ್ತು. 17 ಕೋಟಿ ಡಾಲರ್ ದಾಟಿದ ಐದು ವರ್ಷದ ಕರಾರು ಅದು. 2018ರ ಜನವರಿ ಮುಗಿಯುವುದರೊಳಗೆ ಗ್ರಿಫಿನ್ ಡೆಟ್ರಾಯ್ಟ್‌ನಲ್ಲಿದ್ದರು. ಮೊದಲೇ ಮಾರುವ ಯೋಚನೆಯಿತ್ತೋ ಇಲ್ಲವೋ, ಜೆರ್ಸಿಯ ಆ ನಾಟಕ ಬೇಡವಾಗಿತ್ತು.

ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಹೊಸ ಒಪ್ಪಂದದ ಬಳಿಕ ಈ ಆಟ ಕಡಿಮೆಯಾಗುವ ಲಕ್ಷಣವಿಲ್ಲ. ಒಟ್ಟು ಸಂಬಳಕ್ಕೆ ಲೀಗ್ ಹಾಕಿರುವ ‘ಎರಡನೇ ಗಡಿ’ ಮೀರಿದ ತಂಡಗಳು ಇಬ್ಬರು ಮೂವರ ಸಂಬಳ ಕೂಡಿಸಿ ಒಬ್ಬ ತಾರೆಯನ್ನು ತರುವಂತಿಲ್ಲ. ಹೀಗಾಗಿ ಒಬ್ಬರದ್ದೇ ದೊಡ್ಡ ಸಂಬಳ, ಚಿಕ್ಕ ಅವಧಿ ಇರುವ ಕರಾರಿಗೆ ಬೆಲೆ ಇನ್ನಷ್ಟು ಏರಿದೆ. ಹೊಸದಾಗಿ ಸಹಿ ಹಾಕಿದ ಹಿರಿಯರಿಗೆ ಮೊದಲ ಋತುವಿನಲ್ಲಿ ಟ್ರೇಡ್ ನಿರಾಕರಿಸುವ ಹಕ್ಕು ಕೊಡಿ ಎಂದು ಕೆಲವರು ಕೇಳಬಹುದು. ಕೊಟ್ಟರೆ ನ್ಯಾಯವೇ. ಆದರೆ ಆ ಹಕ್ಕು ಇದ್ದಿದ್ದರೆ ಇಂಡಿಯಾನಾ ಬ್ರೂಸ್ ಬ್ರೌನ್ ಮುಂದೆ 4.5 ಕೋಟಿಯ ಕಾಗದ ಇಡುತ್ತಲೇ ಇರಲಿಲ್ಲ, ಬ್ರೌನ್ ಅವರೂ ಅಂಥ ಹಕ್ಕನ್ನು ಕೇಳುತ್ತಿದ್ದರೆಂದು ನನಗನ್ನಿಸುವುದಿಲ್ಲ.