ಎಳನೀರು ಸೂರ್ಯ, ರಾಗಿಕಾಳು ಭೂಮಿ

ಮಕ್ಕಳೇ, ಕಳೆದ ಭಾನುವಾರ ಮಾದಿಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಮೊಮ್ಮಗಳು ಮೊಬೈಲ್ ಹಿಡಿದು ಕೂತಿದ್ದಳು. ಹೆಬ್ಬೆರಳಿನಿಂದ ಪರದೆಯನ್ನು ಎಳೆಯುತ್ತಲೇ ಇದ್ದಾಳೆ, ಪರದೆ ಮಾತ್ರ ಕಪ್ಪಗೇ ಇದೆ.

"ಕೆಟ್ಟುಹೋಗಿದೆ ಅಂತ ಕಾಣುತ್ತೆ ಪುಟ್ಟಿ" ಎಂದೆ.

"ಕೆಟ್ಟಿಲ್ಲ ತಾತ. ಗುರು ಗ್ರಹ ಇನ್ನೂ ಬಂದಿಲ್ಲ, ಅಷ್ಟೇ."

ಅವಳು ನೋಡುತ್ತಿದ್ದದ್ದು ಜೋಶ್ ವರ್ತ್ ಎಂಬ ಅಮೆರಿಕದ ವಿನ್ಯಾಸಕಾರ 2014ರಲ್ಲಿ ಮಾಡಿದ ಸೌರಮಂಡಲದ ಮಾದರಿ. ಅದರಲ್ಲಿ ನಮ್ಮ ಚಂದ್ರ ಒಂದೇ ಒಂದು ಚುಕ್ಕಿ, ಅಂದರೆ ಒಂದು ಪಿಕ್ಸೆಲ್. ಉಳಿದುದೆಲ್ಲ ಅದೇ ಅಳತೆಯಲ್ಲಿ. ಸೂರ್ಯನಿಂದ ನೆಪ್ಚೂನ್ ತಲುಪಲು ಸುಮಾರು 13 ಲಕ್ಷ ಚುಕ್ಕಿಗಳಷ್ಟು ದೂರ ಪರದೆಯನ್ನು ಎಳೆಯಬೇಕು. ನಡುವೆ ಇರುವುದೆಲ್ಲ ಬರೀ ಕತ್ತಲು.

ಪುಟ್ಟಿ ಗೋಡೆಯ ಮೇಲಿದ್ದ ನನ್ನ ಹಳೆಯ ಪಟ ನೋಡಿದಳು. ನಾನು ಮೇಷ್ಟ್ರಾಗಿದ್ದಾಗ ಬರೆದದ್ದು. ಎಂಟು ಗ್ರಹಗಳೂ ಬಸ್ಸಿಗೆ ಕಾದವರಂತೆ ಒತ್ತಾಗಿ ಸಾಲು ನಿಂತಿವೆ. "ಹಾಗಾದ್ರೆ ಇದು ಸುಳ್ಳಾ ತಾತ?"

ಉತ್ತರ ತಕ್ಷಣ ಬಾಯಿಗೆ ಬರಲಿಲ್ಲ. ಗ್ರಹಗಳ ಸಾಲು ಸರಿ, ದೂರ ಸುಳ್ಳು. ಅದನ್ನು ಎಷ್ಟೋ ಮಕ್ಕಳಿಗೆ ಹೇಳದೆಯೇ ಪಾಠ ಮುಗಿಸಿದ್ದೆ. "ಬಾ, ನಡೆದು ನೋಡೋಣ" ಎಂದು ಎದ್ದೆ.

ಅರಸೀಕೆರೆ ಕಡೆಯಿಂದ ತಂದ ಎಳನೀರಿತ್ತು. ಸುಮಾರು 20 ಸೆಂಟಿಮೀಟರ್ ದಪ್ಪ. ಅದೇ ಸೂರ್ಯ. ಈ ಲೆಕ್ಕದಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 70,000 ಕಿಲೋಮೀಟರ್. ಅಜ್ಜಿಯ ಅಡುಗೆಮನೆಯಿಂದ ಗ್ರಹಗಳು ಬಂದವು. ಬುಧ ಒಂದು ರವೆಕಾಳು, ಶುಕ್ರ ಮತ್ತು ಭೂಮಿ ರಾಗಿಕಾಳು, ಮಂಗಳ ಗಸಗಸೆ, ಗುರು ಸುಲಿದ ಅಡಿಕೆ, ಶನಿ ಗೋಲಿ, ಯುರೇನಸ್ ಮತ್ತು ನೆಪ್ಚೂನ್ ಒಂದೊಂದು ಕಡಲೆ.

ಹೊಲದ ಕಡೆ ಹೋಗುವ ನೇರ ದಾರಿಯಲ್ಲಿ ಎಳನೀರನ್ನು ಕಲ್ಲಿನ ಮೇಲಿಟ್ಟು ಹೊರಟೆವು. ನನ್ನ ಹೆಜ್ಜೆಯಲ್ಲಿ ಬುಧ 12ನೆಯದು, ಶುಕ್ರ 22, ಭೂಮಿ 30, ಮಂಗಳ 46. ಇಲ್ಲಿಯವರೆಗೆ ಸಲೀಸು. ಗುರು 156. ಶನಿ 288. ಅಲ್ಲಿಗೆ ನನ್ನ ಮಂಡಿ ಸಾಕೆಂದಿತು. ಯುರೇನಸ್ 576 ಹೆಜ್ಜೆ, ನೆಪ್ಚೂನ್ 900. ಪುಟ್ಟಿಯೇ ಎಣಿಸುತ್ತಾ ಹೋಗಿ ಬಂದಳು. "ಅಲ್ಲಿಂದ ಎಳನೀರು ಕಾಣೋದೇ ಇಲ್ಲ ತಾತ!" ನಿಜ. ನೆಪ್ಚೂನಿನಿಂದ ನೋಡಿದರೆ ಸೂರ್ಯ ಬಲು ಪ್ರಕಾಶದ ಒಂದು ಚುಕ್ಕಿ ಅಷ್ಟೇ.

ವಾಪಸು ಬಂದು ಭೂಮಿಯ ಬಳಿ ನಿಂತೆವು. ಅಲ್ಲಿಂದ ಎಳನೀರು, ಆಕಾಶದಲ್ಲಿ ಸೂರ್ಯ ನಮಗೆ ಎಷ್ಟು ದಪ್ಪ ಕಾಣುತ್ತಾನೋ ಅಷ್ಟೇ ಕಾಣುತ್ತದೆ. ಅಳತೆ ಸರಿಯಿದ್ದರೆ ನೋಟವೂ ಸರಿ. (ಹೋಲಿಸಲೆಂದು ನಿಜವಾದ ಸೂರ್ಯನನ್ನು ನೇರವಾಗಿ ನೋಡಬೇಡಿ. ಕಣ್ಣು ಹೋಗುತ್ತದೆ.)

"ಆದಿತ್ಯ-ಎಲ್1 ಸೂರ್ಯನ ಹತ್ತಿರ ಹೋಗಿದೆ ಅಲ್ವಾ, ಎಲ್ಲಿಡಲಿ?" ಎಂದಳು. ಇಸ್ರೋ ಅದನ್ನು 2023ರ ಸೆಪ್ಟೆಂಬರ್ 2ರಂದು ಹಾರಿಸಿತು. 2024ರ ಜನವರಿ 6ರಂದು ಅದು ತನ್ನ ಜಾಗ ಸೇರಿತು. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್. ನಮ್ಮ ಲೆಕ್ಕಕ್ಕೆ ಎಷ್ಟು? ರಾಗಿಕಾಳಿನಿಂದ ಎಳನೀರಿನ ಕಡೆಗೆ ಒಂದೇ ಒಂದು ಗೇಣು! ಚಂದ್ರ ಮೂರು ಬೆರಳಿನಗಲ ದೂರ. ನಮ್ಮ ಹಾಸನದ ಇಸ್ರೋ ಕೇಂದ್ರದಿಂದ ನೋಡಿಕೊಳ್ಳುವ, ಟಿವಿಗೆ ಚಿತ್ರ ಕಳಿಸುವ ಉಪಗ್ರಹಗಳು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅಂದರೆ ಕಾಳಿನಿಂದ ಅರ್ಧ ಸೆಂಟಿಮೀಟರ್.

ಪುಟ್ಟಿಯ ಮುಖ ಸಪ್ಪಗಾಯಿತು. "ಇಷ್ಟೇನಾ ಹೋಗಿರೋದು?"

"ಆ ಕಾಳಿನಲ್ಲಿ ನೀನು ಎಷ್ಟು ದೊಡ್ಡವಳಿದ್ದೀಯ, ಹೇಳು ನೋಡೋಣ. ಅಷ್ಟು ಚಿಕ್ಕವರು ಒಂದು ಗೇಣು ದಾಟಿದ್ದಾರೆ" ಎಂದೆ. ಬೆಳಕಿಗೂ ಇಲ್ಲಿ ಅವಸರವಿಲ್ಲ. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ಅದು, ನಮ್ಮ ದಾರಿಯಲ್ಲಿ ನಾಲ್ಕು ಸೆಂಟಿಮೀಟರ್ ಚಿಲ್ಲರೆ ಸಾಗುತ್ತದೆ, ಇರುವೆಯ ಹಾಗೆ. ಮೂವತ್ತು ಹೆಜ್ಜೆ ದಾಟಲು ಎಂಟು ನಿಮಿಷ ಬೇಕು. ಇನ್ನು ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರವನ್ನು ಇಡಲು ಸುಮಾರು 5,800 ಕಿಲೋಮೀಟರ್ ಹೋಗಬೇಕು. ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಹೋದರೂ ಸಾಲದು!

ಮನೆಗೆ ಬಂದು ಎಳನೀರು ಕೊಚ್ಚಿ ಇಬ್ಬರೂ ಕುಡಿದೆವು. ಆಮೇಲೆ ಪುಟ್ಟಿಯ ಪೆನ್ನು ತೆಗೆದುಕೊಂಡು ನನ್ನ ಪಟದ ಕೆಳಗೆ ಬರೆದೆ: "ದೂರ ಹೀಗಿಲ್ಲ. ತಿಳಿಯಬೇಕಾದರೆ 900 ಹೆಜ್ಜೆ ನಡೆಯಿರಿ."

ಈ ವಾರ ನೀವೂ ಮಾಡಿ ನೋಡಿ. ಸೂರ್ಯನಿಂದ ಭೂಮಿಗೆ ಇಪ್ಪತ್ತೊಂದೂವರೆ ಮೀಟರ್ ಹಗ್ಗ ಅಳೆಯಿರಿ. ಅದು ನಿಮಗೆ ಎಷ್ಟು ಹೆಜ್ಜೆ? ನಿಮ್ಮ ಅಜ್ಜಿಗೆ ಎಷ್ಟು? ವಾಹನ ಓಡಾಡದ ದಾರಿಯಲ್ಲೇ ನಡೆಯಿರಿ. ಹಿರಿಯರ ಮಂಡಿ ನೋಯುವುದಾದರೆ ಅವರನ್ನು ಶನಿಯ ಹತ್ತಿರ ಕೂರಿಸಿ ಮುಂದೆ ಹೋಗಿ.