ಗಣಕಯಂತ್ರಕ್ಕೆ ಚಿತ್ರಭಾಷೆ

ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಈಚೆಗೆ ಹೊಸದೊಂದು ಚಿಂತೆ ಸೇರಿಕೊಂಡಿದೆ. 2020ರಲ್ಲಿ ಪ್ರಕಟವಾದ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯವರೆಗಿನ ಹಂತದಲ್ಲಿಯೇ ಗಣಕಯಂತ್ರಕ್ಕೆ ಆಜ್ಞೆ ಬರೆಯುವ ವಿದ್ಯೆಯನ್ನು, ಅಂದರೆ ಎಲ್ಲರೂ ಕೋಡಿಂಗ್ ಎಂದು ಕರೆಯುವುದನ್ನು, ಪರಿಚಯಿಸಬೇಕೆಂದು ಸೂಚಿಸಿತು. ಅದರ ಹಿಂದೆಯೇ ಜಾಹೀರಾತುಗಳೂ ಬಂದವು. ಹಣ ತೆತ್ತು ಪಾಠಕ್ಕೆ ಸೇರಿಸಿದ ಮೇಲೆ ನೋಡಿದರೆ, ಮಗುವು ಪರದೆಯ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಅಂಟಿಸಿ ಬೆಕ್ಕೊಂದನ್ನು ಕುಣಿಸುತ್ತಿರುತ್ತದೆ. “ಇದು ವಿದ್ಯೆಯೋ, ಆಟವೋ? ನಿಜವಾದ ಕೋಡಿಂಗ್ ಯಾವಾಗ ಕಲಿಸುತ್ತಾರೆ?” ಎಂದು ತಂದೆತಾಯಿಗಳು ಕೇಳುವುದು ಸಹಜವೇ ಸರಿ. ಈ ಪ್ರಶ್ನೆಯನ್ನು ವಿದ್ವಾಂಸರೂ ಹಲವು ದಶಕಗಳಿಂದ ಕೇಳಿಕೊಂಡಿದ್ದಾರೆ. ಕೇವಲ ಅಭಿಪ್ರಾಯ ಹೇಳದೆ ಪರೀಕ್ಷಿಸಿಯೂ ನೋಡಿದ್ದಾರೆ. ಅವರು ಕಂಡುಕೊಂಡುದರಲ್ಲಿ ಕೆಲವಂಶಗಳನ್ನು ಈ ಸಲ ಓದುಗರ ಮುಂದಿಡುತ್ತೇವೆ.

ಗಣಕಯಂತ್ರವು ತಾನಾಗಿ ಏನನ್ನೂ ಅರಿಯದು. ಮಾಡಬೇಕಾದುದನ್ನೆಲ್ಲ ಒಂದೊಂದಾಗಿ, ಲೋಪವಿಲ್ಲದೆ, ಅದಕ್ಕೆ ತಿಳಿಯುವ ಭಾಷೆಯಲ್ಲಿಯೇ ಹೇಳಬೇಕು. ಆ ಆಜ್ಞೆಗಳ ಸರಣಿಯೇ ಪ್ರೋಗ್ರಾಮು. ಮನುಷ್ಯರ ನಡುವೆ ವ್ಯಾಕರಣ ತಪ್ಪಿದರೂ ಮಾತು ನಡೆಯುತ್ತದೆ. ಇಲ್ಲಿ ಒಂದು ಆವರಣ ಚಿಹ್ನೆ ಬಿಟ್ಟುಹೋದರೂ ಯಂತ್ರವು ಹಟಹಿಡಿದು ನಿಲ್ಲುವುದುಂಟು. ಆದುದರಿಂದಲೇ, ಅಕ್ಷರಗಳ ಬದಲು ಚಿತ್ರದಲ್ಲಿ ಆಜ್ಞೆ ಕೊಡಬಾರದೇಕೆ ಎಂಬ ಆಲೋಚನೆಯು ಬಹುಬೇಗ ಹುಟ್ಟಿತು. ಅಮೆರಿಕೆಯ ಎಂ.ಐ.ಟಿ. ಸಂಸ್ಥೆಯಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಐವಾನ್ ಸದರ್‌ಲೆಂಡ್ ಎಂಬುವರು 1963ರಲ್ಲಿಯೇ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ರಚಿಸಿ ತೋರಿಸಿದರು. ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆ ಎಳೆದು, ಈ ಎರಡು ಗೆರೆಗಳು ಸಮಾಂತರವಾಗಿರಲಿ ಎಂದು ಸೂಚಿಸಿದರೆ, ಯಂತ್ರವೇ ಅವನ್ನು ತಿದ್ದಿ ನಿಲ್ಲಿಸುತ್ತಿತ್ತು.

ಮಕ್ಕಳ ವಿಷಯದಲ್ಲಿ ಮೊದಲ ದೊಡ್ಡ ಪ್ರಯತ್ನವು ಇದಕ್ಕೆ ಬೇರೆಯದೇ ದಾರಿ ಹಿಡಿಯಿತು. ಸೀಮರ್ ಪೇಪರ್ಟ್, ವಾಲಿ ಫರ್‌ಜೈಗ್, ಸಿಂಥಿಯಾ ಸಾಲಮನ್ ಮುಂತಾದವರು 1967ರಲ್ಲಿ ಲೋಗೋ ಎಂಬ ಗಣಕಭಾಷೆಯನ್ನು ರೂಪಿಸಿದರು. ಇದರಲ್ಲಿ ಆಜ್ಞೆಗಳು ಅಕ್ಷರದಲ್ಲಿಯೇ ಇದ್ದವು, ಫಲ ಮಾತ್ರ ಚಿತ್ರ. ‘ಆಮೆ’ ಎಂಬ ಹೆಸರಿನ ಯಂತ್ರ ನೆಲದ ಮೇಲೆ, ಮುಂದೆ ಪರದೆಯ ಮೇಲೆ, ಗೆರೆ ಎಳೆಯುತ್ತ ನಡೆಯುತ್ತಿತ್ತು. ನೂರು ಹೆಜ್ಜೆ ಮುಂದೆ ನಡೆ, 90 ಡಿಗ್ರಿ ಬಲಕ್ಕೆ ತಿರುಗು. ಇದನ್ನು ನಾಲ್ಕು ಸಲ ಮಾಡು ಎಂದರೆ ಚೌಕವಾಯಿತು. ಸಂದೇಹ ಬಂದರೆ ಮಗುವು ತಾನೇ ಎದ್ದು ಆಮೆಯಂತೆ ನಡೆದು ನೋಡಬಹುದಿತ್ತು. ಪೇಪರ್ಟರು ಜಿನೀವಾದಲ್ಲಿ ಶಿಶುಮನಶ್ಶಾಸ್ತ್ರಜ್ಞ ಪಿಯಾಜೆಯವರೊಡನೆ ಕೆಲಸ ಮಾಡಿದವರು. ದೇಹದಿಂದ ಅರಿತದ್ದು ಬುದ್ಧಿಗೆ ಬೇಗ ಇಳಿಯುತ್ತದೆಂದು ನಂಬಿದ್ದರು. (ಮದರಾಸಿನಲ್ಲಿ ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು ನಮ್ಮ ರಂಗೋಲಿಯ ಸೋದರಿಯಾದ ಕೋಲಂ ಚಿತ್ರಗಳು ಹೇಗೆ ನಿಯಮಗಳಿಂದ ಹುಟ್ಟುತ್ತವೆಂಬುದನ್ನು 1974ರಲ್ಲಿ ಗಣಿತದ ವ್ಯಾಕರಣವಾಗಿ ಬರೆದು ಪ್ರಕಟಿಸಿದರು. ದಿನವೂ ಅಂಗಳದಲ್ಲಿ ಚುಕ್ಕಿ ಇಡುವ ತಾಯಂದಿರಿಗೆ ಇದು ಸಂತೋಷ ತರುವ ಸಂಗತಿ.)

ಲೋಗೋ ಕಲಿತ ಮಗುವಿನ ಬುದ್ಧಿ ಎಲ್ಲ ವಿಷಯಗಳಲ್ಲಿಯೂ ಚುರುಕಾಗುವುದೆಂಬ ಆಸೆಯೂ ಆಗ ಹಬ್ಬಿತ್ತು. ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲೆಂಡ್ ಅದನ್ನು ಪರೀಕ್ಷಿಸಿ 1984ರಲ್ಲಿ ವರದಿ ಮಾಡಿದರು. ಕೆಲಸವೊಂದನ್ನು ಮೊದಲೇ ಯೋಜಿಸುವ ಪರೀಕ್ಷೆಯಲ್ಲಿ ಲೋಗೋ ಕಲಿತವರು ಕಲಿಯದವರಿಗಿಂತ ಮುಂದಿರಲಿಲ್ಲ. ಇಂದಿನ ಜಾಹೀರಾತುಗಳನ್ನು ಓದುವಾಗ ಈ ಹಳೆಯ ವರದಿಯನ್ನು ನೆನೆಯುವುದು ಒಳ್ಳೆಯದು.

ನಮ್ಮ ಮಕ್ಕಳು ಕುಣಿಸುವ ಬೆಕ್ಕು ಸ್ಕ್ರ್ಯಾಚ್ ಎಂಬ ಭಾಷೆಯದು. ಎಂ.ಐ.ಟಿ.ಯ ಮೀಡಿಯಾ ಲ್ಯಾಬಿನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡವು ಇದನ್ನು ರೂಪಿಸಿ 2007ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಡುಗಡೆ ಮಾಡಿತು. ಇಲ್ಲಿ ಆಜ್ಞೆಗಳನ್ನು ಬರೆಯುವಂತಿಲ್ಲ. ಆಜ್ಞೆಯ ಹೆಸರು ಬರೆದ ಬ್ಲಾಕುಗಳನ್ನು ಎಳೆದು ಜೋಡಿಸಬೇಕು. ಮಕ್ಕಳ ಜೋಡಣೆಯ ಆಟಿಕೆಗಳಂತೆ ಒಂದೊಂದು ಬ್ಲಾಕಿಗೆ ಒಂದೊಂದು ಆಕಾರ. ಅರ್ಥವಾಗಿ ಹೊಂದದ ಎರಡು ಬ್ಲಾಕುಗಳು ಅಂಟಿಕೊಳ್ಳುವುದೇ ಇಲ್ಲ. ವ್ಯಾಕರಣದ ತಪ್ಪು ಮಾಡಲು ಮಗುವಿಗೆ ಅವಕಾಶವೇ ಇರುವುದಿಲ್ಲವೆಂಬುದು ಇದರ ಮರ್ಮ. ಆಲೋಚನೆಯ ತಪ್ಪಿಗೆ ಮಾತ್ರ ಅವಕಾಶ ಧಾರಾಳವಾಗಿದೆ. ಬೆಕ್ಕು ಎಡಕ್ಕೆ ಹೋಗಬೇಕಾದಲ್ಲಿ ಬಲಕ್ಕೆ ಹೋದರೆ ಕಾರಣವನ್ನು ಮಗುವೇ ಹುಡುಕಬೇಕು. ಕಲಿಕೆಯು ನಡೆಯುವುದು ಅಲ್ಲಿಯೇ. ಆದುದರಿಂದ ಇದನ್ನು ಬರಿಯ ಆಟವೆಂದು ತಳ್ಳಿಹಾಕುವುದು ನಮಗೆ ಸರಿಯಾಗಿ ಕಾಣುವುದಿಲ್ಲ.

ಅಮೆರಿಕೆಯ ಪ್ರೌಢಶಾಲೆಯೊಂದರಲ್ಲಿ ಡೇವಿಡ್ ವೈನ್‌ಟ್ರಾಪ್ ಮತ್ತು ಯೂರಿ ವಿಲೆನ್ಸ್ಕಿ ನಡೆಸಿದ ಪ್ರಯೋಗವು 2017ರಲ್ಲಿ ಪ್ರಕಟವಾಯಿತು. ಒಂದು ತರಗತಿಗೆ ಬ್ಲಾಕುಗಳಿಂದ, ಇನ್ನೊಂದಕ್ಕೆ ಅಕ್ಷರಗಳಿಂದ, ಐದು ವಾರ ಅದೇ ಪಾಠವನ್ನು ಹೇಳಲಾಯಿತು. ಎರಡೂ ತರಗತಿಗಳು ಮುಂದುವರಿದವು, ಬ್ಲಾಕಿನವರು ಹೆಚ್ಚು ಮುಂದುವರಿದರು. ಮುಂದೆಯೂ ಈ ವಿಷಯ ಕಲಿಯುವ ಆಸಕ್ತಿ ಅವರಲ್ಲಿಯೇ ಹೆಚ್ಚಿತು. ಆದರೆ ತಮ್ಮದು ವೃತ್ತಿನಿರತರು ಮಾಡುವ ಕೆಲಸವನ್ನೇ ಹೋಲುತ್ತದೆ ಎಂಬ ಭಾವನೆ ಬಲವಾಗಿದ್ದುದು ಅಕ್ಷರದವರಲ್ಲಿ. ಬಳಿಕ ಎರಡೂ ತರಗತಿಗಳಿಗೆ ವೃತ್ತಿಪರರು ಬಳಸುವ ಜಾವಾ ಭಾಷೆಯನ್ನು ಹತ್ತು ವಾರ ಕಲಿಸಿದಾಗ ಇಬ್ಬರ ನಡುವೆ ಅಂತರವೇ ಉಳಿಯಲಿಲ್ಲ. ಬ್ಲಾಕಿನಿಂದ ಆರಂಭಿಸಿದ ಮಗು ಹಿಂದೆ ಬೀಳುವುದೆಂಬ ಭಯಕ್ಕೆ ಇಲ್ಲಿ ಆಧಾರ ದೊರೆಯಲಿಲ್ಲ; ಶಾಶ್ವತವಾಗಿ ಮುಂದೆ ಹೋಗುವುದೆಂಬ ಆಸೆಗೂ ದೊರೆಯಲಿಲ್ಲ.

ಹಾಗಾದರೆ ದೊಡ್ಡವರೂ ಚಿತ್ರದಲ್ಲಿಯೇ ಏಕೆ ಬರೆಯಬಾರದು? ಬರೆಯುವವರಿದ್ದಾರೆ. ಟೆಕ್ಸಾಸಿನ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1986ರಲ್ಲಿ ಹೊರತಂದ ಲ್ಯಾಬ್‌ವ್ಯೂ ಎಂಬುದರಲ್ಲಿ ಇಂಜಿನಿಯರರು ಪೆಟ್ಟಿಗೆಗಳನ್ನು ಬಿಡಿಸಿ ಅವುಗಳ ನಡುವೆ ತಂತಿ ಎಳೆದು ಪ್ರೋಗ್ರಾಮು ರಚಿಸುತ್ತಾರೆ. ಪ್ರಯೋಗಾಲಯದ ಮಾಪಕಗಳನ್ನು ನಡೆಸಲು ಇದು ಬಹಳ ಬಳಕೆಯಲ್ಲಿದೆ. ಬ್ರಿಟನ್ನಿನ ಥಾಮಸ್ ಗ್ರೀನ್ ಮತ್ತು ಮೇರಿಯನ್ ಪೀಟ್ರಿ ಇಂತಹ ಚಿತ್ರಭಾಷೆಗಳನ್ನು ಕೂಲಂಕಷವಾಗಿ ವಿಮರ್ಶಿಸಿ 1996ರಲ್ಲಿ ಬರೆದ ಪ್ರಬಂಧವು ಇಂದಿಗೂ ಓದಲ್ಪಡುತ್ತಿದೆ. ಸಿದ್ಧವಾದ ಪ್ರೋಗ್ರಾಮಿಗೆ ಒಂದು ಬದಲಾವಣೆ ಮಾಡಲು ಎಷ್ಟು ಹೊತ್ತು ಹಿಡಿಯುವುದೆಂದು ಅವರು ಅಳೆದರು. ಬೇಸಿಕ್ ಎಂಬ ಅಕ್ಷರಭಾಷೆಯಲ್ಲಿ ಹಿಡಿದ ಕಾಲದ ಸುಮಾರು ಎಂಟು ಪಟ್ಟು ಕಾಲವು ಲ್ಯಾಬ್‌ವ್ಯೂನಲ್ಲಿ ಹಿಡಿಯಿತು! ಕಾರಣ ಸರಳ. ಬರವಣಿಗೆಯಲ್ಲಿ ನಡುವೆ ಒಂದು ಸಾಲು ಸೇರಿಸಿದರೆ ಉಳಿದವು ತಾವಾಗಿ ಕೆಳಗೆ ಸರಿಯುತ್ತವೆ. ಚಿತ್ರದಲ್ಲಿ ಒಂದು ಪೆಟ್ಟಿಗೆ ಸೇರಿಸಬೇಕಾದರೆ ಸುತ್ತಲಿನವನ್ನು ಸರಿಸಿ, ತಂತಿಗಳನ್ನು ಕಿತ್ತು ಮತ್ತೆ ಎಳೆಯಬೇಕು. ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಮುಗಿದ ಮೇಲೆ ನಡುವೆ ಇನ್ನೊಂದು ಸಾಲು ಚುಕ್ಕಿ ಬೇಕೆಂದರೆ ಏನಾಗುವುದೆಂದು ಹಾಕಿದವರೇ ಬಲ್ಲರು.

ಪೀಟ್ರಿಯವರು 1995ರ ಲೇಖನವೊಂದರಲ್ಲಿ ಇನ್ನೊಂದು ಮಾತನ್ನೂ ಕಾಣಿಸಿದ್ದರು. ಚಿತ್ರವನ್ನು ಯಾರೂ ಕಲಿಯದೆಯೇ ಓದಬಲ್ಲರೆಂಬುದು ತಪ್ಪು ತಿಳಿವಳಿಕೆ. ನುರಿತವರು ಪೆಟ್ಟಿಗೆಗಳನ್ನು ಎಲ್ಲಿಟ್ಟಿದೆ, ಯಾವುದನ್ನು ಯಾವುದರ ಪಕ್ಕದಲ್ಲಿಟ್ಟಿದೆ ಎಂಬುದರಿಂದಲೇ ಅರ್ಥ ಗ್ರಹಿಸುತ್ತಾರೆ. ಹೊಸಬರ ಕಣ್ಣಿಗೆ ಅದು ಬೀಳುವುದಿಲ್ಲ.

ಆರಂಭದ ಕಷ್ಟವು ಅಕ್ಷರಗಳ ದೋಷವೋ, ಆರಿಸಿದ ಪದಗಳ ದೋಷವೋ ಎಂಬುದನ್ನೂ ಶೋಧಿಸಲಾಗಿದೆ. ಆಂಡ್ರಿಯಾಸ್ ಸ್ಟೆಫಿಕ್ ಎಂಬ ಅಮೆರಿಕನ್ ವಿದ್ವಾಂಸರು ಅರ್ಥಹೀನ ಚಿಹ್ನೆಗಳನ್ನೇ ಆಜ್ಞೆಗಳಾಗಿ ಮನಬಂದಂತೆ ಆರಿಸಿ ಒಂದು ಕೃತಕ ಭಾಷೆಯನ್ನು ಕಟ್ಟಿದರು. ಹೊಸಬರಿಗೆ ಅದನ್ನೂ ಪ್ರಸಿದ್ಧ ಭಾಷೆಗಳನ್ನೂ ಕೊಟ್ಟು ನೋಡಿದರು. ಸುಸನ್ನಾ ಸೀಬರ್ಟ್ ಅವರೊಡನೆ 2013ರಲ್ಲಿ ಪ್ರಕಟಿಸಿದ ಫಲಿತಾಂಶವು ವಿಚಿತ್ರವಾಗಿತ್ತು. ಲಕ್ಷಾಂತರ ಜನ ಬಳಸುವ ಜಾವಾ ಹಾಗೂ ಪರ್ಲ್ ಭಾಷೆಗಳಲ್ಲಿ ಹೊಸಬರು ಆ ಅರ್ಥಹೀನ ಭಾಷೆಯಲ್ಲಿ ಬರೆದುದಕ್ಕಿಂತ ಗಣನೀಯವಾಗಿ ಸರಿಯಾಗಿ ಬರೆಯಲಿಲ್ಲ! ಪೈಥಾನ್, ರೂಬಿ ಮತ್ತು ಸ್ಟೆಫಿಕ್ ಅವರದೇ ಆದ ಕೋರಮ್ ಭಾಷೆಗಳಲ್ಲಿ ಚೆನ್ನಾಗಿ ಬರೆದರು. ಹತ್ತು ಸಲ ಮಾಡು ಎನ್ನುವುದಕ್ಕೆ ಹೆಚ್ಚಿನ ಭಾಷೆಗಳು ಇಂಗ್ಲಿಷಿನ ‘ಫಾರ್’ ಎಂಬ ಪದವನ್ನು ಬಳಸುತ್ತವೆ. ಹೊಸಬರಿಗೆ ‘ರಿಪೀಟ್’ ಎಂಬುದೇ ಸಹಜವೆನಿಸಿತು. ಲೋಗೋದಲ್ಲಿ ಇದ್ದುದೂ ಅದೇ ಪದ. ತಜ್ಞರಿಗೆ ರೂಢಿಯಾದದ್ದನ್ನು ಸುಲಭವೆಂದು ಮಕ್ಕಳ ಮೇಲೆ ಹೊರಿಸುವುದು ಗಣಕಶಾಸ್ತ್ರದಲ್ಲಿಯೂ ಉಂಟೆಂದಾಯಿತು.

ಸ್ಟೆಫಿಕ್ ಅವರು ಈ ಶೋಧನೆಗೆ ಇಳಿದ ಕಾರಣವನ್ನು ಇಲ್ಲಿ ಹೇಳಲೇಬೇಕು. ಅವರ ಕೋರಮ್ ಭಾಷೆಯು ಮೊದಲು ಹುಟ್ಟಿದ್ದು ಅಂಧ ವಿದ್ಯಾರ್ಥಿಗಳಿಗಾಗಿ. ಕಣ್ಣಿಲ್ಲದವರು ಪ್ರೋಗ್ರಾಮನ್ನು ಕಿವಿಯಿಂದ ಓದುತ್ತಾರೆ. ಪರದೆಯಲ್ಲಿರುವುದನ್ನು ಯಂತ್ರವು ದನಿಯಲ್ಲಿ ಹೇಳುತ್ತದೆ. ಸಾಲುಸಾಲಿಗೂ ಆವರಣ, ಅರ್ಧವಿರಾಮ ಎಂದು ಕೇಳುತ್ತ ಹೋದರೆ ಅರ್ಥವೇ ಕರಗಿಹೋಗುತ್ತದೆ. ಹಾಗಿದ್ದರೂ ಅಕ್ಷರವನ್ನು ಓದಿ ಹೇಳಬಹುದು. ಎಳೆದು ಅಂಟಿಸುವ ಬಣ್ಣದ ಬ್ಲಾಕನ್ನು ಹೇಗೆ ಹೇಳುವುದು? ಎಲ್ಲರಿಗೂ ಸುಲಭವೆಂದು ಶಾಲೆಗಳು ಚಿತ್ರಭಾಷೆಯನ್ನು ಅಪ್ಪಿಕೊಂಡಾಗ, ತರಗತಿಯ ಮೂಲೆಯಲ್ಲಿ ಕುಳಿತ ದೃಷ್ಟಿಹೀನ ಮಗು, ಅದುವರೆಗೆ ಹೇಗೋ ಜೊತೆಗೆ ಸಾಗುತ್ತಿದ್ದದ್ದು, ಹೊರಗುಳಿಯಿತು. ಈ ವಿಷಯದ ಚರ್ಚೆಗಳಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವೆಂದು ತೋರಿದುದು ಇದೇ. ಸುಲಭ ಎಂಬ ಪದವನ್ನು ಯಾರಿಗೆ ಎಂದು ಕೇಳದೆ ಬಳಸಲಾಗಿತ್ತು.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಮೈಕ್ರೋಸಾಫ್ಟ್ ಸಂಶೋಧನಾಲಯದ ಸೆಸಿಲಿ ಮಾರಿಸನ್, ನಿಕೊಲಾಸ್ ವಿಲ್ಲಾರ್ ಮುಂತಾದವರು ಬ್ಲಾಕುಗಳನ್ನು ಪರದೆಯಿಂದ ಹೊರಗೆ ತಂದು ಮಗುವಿನ ಕೈಗೆ ಕೊಟ್ಟರು. ಮುಷ್ಟಿಗಾತ್ರದ ಪ್ಲಾಸ್ಟಿಕ್ ಗುಂಡುಗಳು. ಒಂದೊಂದು ಗುಂಡು ಒಂದೊಂದು ಆಜ್ಞೆ. ಒಂದರಿಂದ ಇನ್ನೊಂದಕ್ಕೆ ತಂತಿ. ಗುಂಡಿನ ಮೇಲಿನ ತಿರುಗಣೆಯನ್ನು ತಿರುಗಿಸಿದರೆ ಆಜ್ಞೆ ಬದಲಾಗುತ್ತದೆ. ಬೆಕ್ಕು ಕುಣಿಯುವ ಬದಲು ಹಾಡು ಕೇಳಿಸುತ್ತದೆ, ಕಥೆ ಕೇಳಿಸುತ್ತದೆ. ಮೊದಲು ಗುಂಡುಗಳೆಲ್ಲ ಬಿಳಿಯವಾಗಿದ್ದವು. ಅಂಧ ಮಕ್ಕಳಿಗೆ ಬಣ್ಣವೇಕೆ ಎಂಬ ಎಣಿಕೆ. ಆದರೆ ಅವರಲ್ಲಿ ಅನೇಕರಿಗೆ ಅಲ್ಪಸ್ವಲ್ಪ ದೃಷ್ಟಿಯಿರುತ್ತದೆ, ಗಾಢವರ್ಣಗಳು ಅವರಿಗೆ ನೆರವಾಗುತ್ತವೆ ಎಂಬುದು ಮಕ್ಕಳೊಡನೆ ಕುಳಿತ ಮೇಲೆ ತಿಳಿದು, ಗುಂಡುಗಳಿಗೆ ಬಣ್ಣ ಬಂತು. ಕೋಡ್ ಜಂಪರ್ ಎಂಬ ಹೆಸರಿನ ಈ ಸಾಧನವನ್ನು 2019ರಲ್ಲಿ ಅಮೆರಿಕೆಯ ಅಂಧರ ಮುದ್ರಣಾಲಯಕ್ಕೆ ವಹಿಸಿಕೊಡಲಾಯಿತು. ಹಾಡಿನಲ್ಲಿ ತಪ್ಪು ಕೇಳಿಸಿದಾಗ ಮಗುವು ತಂತಿಯ ಮೇಲೆ ಬೆರಳಿಟ್ಟು, ಗುಂಡಿನಿಂದ ಗುಂಡಿಗೆ ಸವರುತ್ತ ಹೋಗಿ ತಪ್ಪಿದ ಜಾಗವನ್ನು ಹುಡುಕುತ್ತದೆ. ಪಕ್ಕದಲ್ಲಿ ಕಣ್ಣಿರುವ ಗೆಳೆಯನೂ ಕುಳಿತು ಅದೇ ತಂತಿಯನ್ನು ಹಿಡಿದು ಹುಡುಕಬಹುದು.